ಅದೇ ಹೆಸರಿನ ಎಂಟನೆಯವನು

ಈ ಇಡೀ ರಗಳೆಗೆ ಮೂಲ ಒಂಬತ್ತು ಸಾಲಿನಷ್ಟು ಖಾಲಿ ಜಾಗ. ಅದು ಬಿದ್ದದ್ದು ಮಹನೀಯರ ಕೋಶದ ಏಳನೆಯ ಸಂಪುಟದಲ್ಲಿ, ನಾನೂರ ಹನ್ನೆರಡನೆಯ ಪುಟದ ಬುಡದಲ್ಲಿ.

ಆ ಪುಟ ಒಂದೇ ಹೆಸರಿನ ಮಹನೀಯರಿಗೆ ಮೀಸಲು. ಚರಿತ್ರೆಯಲ್ಲಿ ಕೆಲವು ಹೆಸರುಗಳಿಗೆ ಬೇಡಿಕೆ ಹೆಚ್ಚು. ಈ ಹೆಸರನ್ನು ಮೂರು ಯುದ್ಧ ಸೋತು ಒಂದನ್ನು ಗೆದ್ದ ರಾಜ ಇಟ್ಟುಕೊಂಡಿದ್ದ. ಅವನಾದ ಮೇಲೆ ಒಬ್ಬ ಸಂತಕವಿ, ಒಬ್ಬ ಸೇತುವೆ ಕಟ್ಟಿದವನು, ಒಬ್ಬ ಜಟ್ಟಿ, ಹೀಗೆ ಬೇರೆ ಬೇರೆ ಕಾಲದಲ್ಲಿ ಬೇರೆ ಬೇರೆ ಜನ ಬಂದು ಅದೇ ಹೆಸರಿನಲ್ಲಿ ಬಾಳಿ ಹೋಗಿದ್ದರು. ಕೋಶದ ಪದ್ಧತಿಯಂತೆ ಅವರನ್ನು ಹುಟ್ಟಿದ ಕ್ರಮದಲ್ಲಿ ಅಂಕಿ ಹಾಕಿ ಸಾಲಾಗಿ ನಿಲ್ಲಿಸಲಾಗಿತ್ತು. ಮೊದಲ ಅಂಕಿ ರಾಜನದು, ಕೊನೆಯದು ಗಲ್ಲಿಗೇರಿದ ಒಬ್ಬ ದರೋಡೆಕೋರನದು.

ಕೋಶದ ಕಚೇರಿಯಲ್ಲಿ ಕರಡು ತಿದ್ದುವವರ ಹೆಸರೂ ಅದೇ ಆಗಿತ್ತು. ಅವರಿಗೆ ಹೆಸರಿಡುವಾಗ ಅಪ್ಪನ ಮನಸ್ಸಿನಲ್ಲಿದ್ದದ್ದು ರಾಜ, ಅಮ್ಮನ ಮನಸ್ಸಿನಲ್ಲಿ ಸಂತಕವಿ, ಸೋದರಮಾವನ ಮನಸ್ಸಿನಲ್ಲಿ ಜಟ್ಟಿ. ಮೂವರಿಗೂ ಒಂದೇ ಸಲ ನಿರಾಸೆ ಮಾಡಿದ ಕೀರ್ತಿ ಮಗುವಿನದು. ಅಷ್ಟು ದೊಡ್ಡ ಹೆಸರಿನಿಂದ ಅಷ್ಟು ಸಣ್ಣ ಮನುಷ್ಯನನ್ನು ಕೂಗಲು ಕಚೇರಿಯಲ್ಲಿ ಯಾರಿಗೂ ನಾಲಿಗೆ ಏಳಲಿಲ್ಲ. ಕೆಳಗಿನ ಕೋಣೆಯಲ್ಲಿ ಕೂರುತ್ತಾರೆ, ಮೆಲುದನಿಯಲ್ಲಿ ಮಾತಾಡುತ್ತಾರೆ, ಯಾರೂ ಗಮನಿಸುವುದಿಲ್ಲ ಎಂದು ಅವರನ್ನು ಎಲ್ಲರೂ ಅಡಿಟಿಪ್ಪಣಿ ಎಂದೇ ಕರೆಯುತ್ತಿದ್ದರು. ಅವರೂ ಓಗೊಡುತ್ತಿದ್ದರು.

ಖಾಲಿ ಜಾಗಕ್ಕೆ ಕಾರಣರು ಇತಿಹಾಸದ ಮೇಷ್ಟ್ರು. ಇವರು ಕೋಶದ ಸಲಹೆಗಾರರು. ಗೊತ್ತಿಲ್ಲ ಎಂಬ ಮಾತನ್ನು ಹುಟ್ಟಿದಾಗಿನಿಂದ ಆಡಿದವರಲ್ಲ. ಪುಟಗಳೆಲ್ಲ ಸಿದ್ಧವಾದ ಮೇಲೆ ಅವರು ಬಂದು, ಆ ಹೆಸರಿನ ವೈದ್ಯನೂ ಖಗೋಳಶಾಸ್ತ್ರಿಯೂ ಇಬ್ಬರಲ್ಲ, ಒಬ್ಬನೇ, ಹಗಲು ನಾಡಿ ನೋಡಿದವನೇ ರಾತ್ರಿ ನಕ್ಷತ್ರ ನೋಡಿದ್ದು ಎಂದು ಸಾಬೀತು ಮಾಡಿದರು. ಎಂಟು ಜನ ಏಳಾದರು. ಪುಟದ ಬುಡ ಬರಿದಾಯಿತು. ಖಾಲಿ ಜಾಗ ಕಂಡರೆ ಓದುಗರು ಅದನ್ನು ನಮ್ಮ ಅಜ್ಞಾನ ಎಂದುಕೊಳ್ಳುತ್ತಾರೆ ಎಂಬುದು ಪ್ರಧಾನ ಸಂಪಾದಕರ ಖಚಿತ ಅಭಿಪ್ರಾಯ.

"ಏನಾದ್ರೂ ಒಂಬತ್ತು ಸಾಲು ಬರೆದ್ಕೊಡಿ ಸಾರ್, ಅಳತೆಗೆ," ಎಂದಳು ಪುಟ ಜೋಡಿಸುವಾಕೆ. "ಆಮೇಲೆ ತೆಗೆದು ಬೇರೆ ಹಾಕೋಣ."

ಅಡಿಟಿಪ್ಪಣಿಯವರು ಪೆನ್ನು ಹಿಡಿದು ಕೂತರು. ಇಪ್ಪತ್ತಾರು ವರ್ಷ ಬೇರೆಯವರ ಸಾಲು ತಿದ್ದಿದವರಿಗೆ ಸ್ವಂತ ಒಂಬತ್ತು ಸಾಲು ಬರೆಯಿರಿ ಎಂದು ಯಾರೋ ಕೇಳಿದ್ದು ಅದೇ ಮೊದಲು. ಅವರು ಬರೆದದ್ದು ಹೀಗೆ:

"೮. ಪ್ರತಿ ತಿದ್ದುವವನು. ಅನ್ಯರ ಬರಹದ ತಪ್ಪು ತಿದ್ದುವುದೇ ಕಸುಬು. ಕಟ್ಟಡದ ಅತ್ಯಂತ ಕೆಳಗಿನ ಕೋಣೆಯಲ್ಲಿ ಕಿಟಕಿಗೆ ಬೆನ್ನು ಹಾಕಿ ದುಡಿದ. ಮೇಲಧಿಕಾರಿಯ ಉದ್ದನೆಯ ವಾಕ್ಯಗಳನ್ನು ಕತ್ತರಿಸಿ ಆತನ ಮಾನ ಕಾಪಾಡಿದ. ಮೇಲಧಿಕಾರಿಗೆ ಇದು ಕೊನೆಯವರೆಗೂ ತಿಳಿಯಲಿಲ್ಲ. ಎಡಗಾಲಿನ ಚಪ್ಪಲಿ ಬೇಗ ಸವೆಯುತ್ತಿತ್ತು. ಹೆಂಡತಿಗೆ ಎದುರಾಡಿದ್ದಕ್ಕೆ ದಾಖಲೆ ಇಲ್ಲ. ಸ್ವಂತದ್ದೆಂದು ಒಂದು ಸಾಲೂ ಬಿಟ್ಟುಹೋಗಲಿಲ್ಲ. ಸತ್ತದ್ದು ಯಾರ ಗಮನಕ್ಕೂ ಬಾರದ್ದರಿಂದ ವರ್ಷ ಖಚಿತವಿಲ್ಲ."

ಸಾವಿನ ಮಾತು ಸೇರಿಸಿದ್ದು ಪದ್ಧತಿಗಾಗಿ. ಬದುಕಿರುವವರಿಗೆ ಕೋಶದಲ್ಲಿ ಪ್ರವೇಶವಿಲ್ಲ.

ಮಾರನೆಯ ದಿನ ಪುಟ ಜೋಡಿಸುವಾಕೆ ಅಕ್ಕನ ಬಾಣಂತನಕ್ಕೆಂದು ರಜೆ ಹಾಕಿ ಹೋದಳು. ಪುಟ ಸುತ್ತಿ ಬಳಸಿ ಕೊನೆಯ ಕರಡಾಗಿ ಅಡಿಟಿಪ್ಪಣಿಯವರ ಮೇಜಿಗೇ ಬಂತು. ಅವರು ಆ ಒಂಬತ್ತು ಸಾಲನ್ನು ಮೂರು ಸಲ ಓದಿದರು. ಒಂದೂ ತಪ್ಪಿರಲಿಲ್ಲ. ಸಂತೋಷದಿಂದ ಸಹಿ ಹಾಕಿ ಅಚ್ಚಿಗೆ ಕಳಿಸಿಬಿಟ್ಟರು.

ತೆಗೆಯಬೇಕಿದ್ದ ಸಾಲುಗಳು ಹಾಗೇ ಉಳಿದವೆಂದು ಅವರ ಅರಿವಿಗೆ ಬಂದದ್ದು ಮೂರು ವಾರದ ನಂತರ, ಒಂದು ಸೋಮವಾರ ಬೆಳಿಗ್ಗೆ ಹತ್ತು ಗಂಟೆಗೆ. ಅಚ್ಚಾದ ಹಾಳೆಗಳ ಕಟ್ಟು ಬಿಚ್ಚಿ ನಾನೂರ ಹನ್ನೆರಡನೆಯ ಪುಟ ತೆಗೆದರು. ದರೋಡೆಕೋರನ ಕೆಳಗೆ ತಾವೇ ನಿಂತಿದ್ದರು.

ಎಂಥ ದಿನ ಹೀಗಾಯಿತು ನೋಡಿ. ಪುಸ್ತಕದಲ್ಲಿ ಎಲ್ಲಕ್ಕಿಂತ ಮುಂದಿರುವ ಕೃತಜ್ಞತೆಯ ಪುಟ ಎಲ್ಲಕ್ಕಿಂತ ಕೊನೆಗೆ ಅಚ್ಚಾಗುತ್ತದೆ. ಅದು ಅಂದೇ ಸಂಜೆ ನಾಲ್ಕಕ್ಕೆ ಯಂತ್ರಕ್ಕೆ ಹೋಗುವುದಿತ್ತು. ಆರು ಸಂಪುಟಗಳಲ್ಲಿ ಕಾಣದ ಅಡಿಟಿಪ್ಪಣಿಯವರ ನಿಜವಾದ ಹೆಸರು ಈ ಸಲ ಅದರಲ್ಲಿ ಬರಲಿತ್ತು: ಕಟ್ಟಡ ಒದಗಿಸಿದವರ ಕೆಳಗೆ, ಚಹಾ ಒದಗಿಸಿದವರ ಮೇಲೆ. ಹಿಂದಿನ ಸಂಪುಟದಲ್ಲಿ ಈ ಗೌರವ ಪುಸ್ತಕ ಹೊಲಿಯುವವರಿಗೆ ಸಿಗಬೇಕಿತ್ತು. ಅದೇ ಹೆಸರಿನ, ಅದೇ ಕಸುಬಿನ ಮಹನೀಯನೊಬ್ಬ ಒಳಗೆ ಇದ್ದಾನೆ, ಓದುಗರಿಗೆ ಗೊಂದಲವಾಗುತ್ತದೆ ಎಂದು ಸಂಪಾದಕರು ಹೊಡೆದುಹಾಕಿದ್ದರು. ಅಡಿಟಿಪ್ಪಣಿಯವರಿಗೆ ಆ ಭಯವಿರಲಿಲ್ಲ. ರಾಜನನ್ನೂ ಅವರನ್ನೂ ಯಾರು ತಾನೇ ಗೊಂದಲ ಮಾಡಿಕೊಂಡಾರು? ಅವರ ಹೆಂಡತಿ ಆಗಲೇ ಮೇಲಿನ ಮನೆಯಾಕೆಗೆ ಹೇಳಿಯೂ ಆಗಿತ್ತು. ಈಗ ಸಂಪಾದಕರು ಎಂಟನೆಯವನನ್ನು ಕಂಡು, ಇದು ಯಾರ ಕಿತಾಪತಿ ಎಂದು ಕೇಳಿದರೆ ಮುಗಿಯಿತು. ಆ ಹೆಸರು ನಾಲ್ಕು ಗಂಟೆಯ ಯಂತ್ರವನ್ನು ಕಾಣುವುದಿಲ್ಲ.

"ತೆಗೀರಿ ಅಂತ ನಾನು ಹೇಳಿರ್ಲಿಲ್ವಾ?" ಎಂದಳು ರಜೆ ಮುಗಿಸಿ ಬಂದಿದ್ದ ಪುಟ ಜೋಡಿಸುವಾಕೆ. "ಸಹಿ ಬೇರೆ ಹಾಕಿದೀರ. ಎಷ್ಟು ಚೆಂದ ಹಾಕಿದೀರ ನೋಡಿ!"

"ಈಗೇನಮ್ಮಾ ಮಾಡೋದು?"

"ಮೇಷ್ಟ್ರ ಹತ್ರ ಹೋಗಿ. ಅವರು ಪಕ್ಕದಲ್ಲಿ 'ಅನುಮಾನ' ಅಂತ ಬರೆದ್ರೆ ಸಾಕು, ಯಾರೂ ಏನೂ ಕೇಳಲ್ಲ. ಆ ಹಾಳೆ ಬಿಸಾಕಿ ಮತ್ತೆ ಅಚ್ಚು ಹಾಕ್ತಾರೆ."

ಅಡಿಟಿಪ್ಪಣಿಯವರಿಗೆ ಹೋದ ಜೀವ ಬಂದಂತಾಯಿತು. ಇಲ್ಲದ ಮನುಷ್ಯನ ಬಗ್ಗೆ ಅನುಮಾನ ಪಡುವುದು ಎಂಥ ಮೇಷ್ಟ್ರಿಗೂ ಕಷ್ಟವಾಗಲಾರದು. ಹಾಳೆ ಹಿಡಿದು ಎರಡು ಮಹಡಿ ಹತ್ತಿದರು.

"ಮೇಷ್ಟ್ರೇ, ಈ ಎಂಟನೆಯವನು... ನನಗ್ಯಾಕೋ ಇಂಥವನು ಇದ್ದನಾ ಅಂತಲೇ ಸಂಶಯ."

ಮೇಷ್ಟ್ರು ಕನ್ನಡಕ ಏರಿಸಿ ಓದಿದರು. ಅವರ ಮುಖದಲ್ಲಿ ಒಂದು ಗಳಿಗೆ ಏನೂ ಕಾಣಲಿಲ್ಲ. ಮರುಗಳಿಗೆ ಹಳೆಯ ಸ್ನೇಹಿತನ ಪತ್ರ ಬಂದವರ ಹಾಗೆ ಅರಳಿತು.

"ಇದ್ದನಾ ಅಂತ ಕೇಳ್ತೀರಲ್ರೀ! ಇವನ ಬಗ್ಗೆ ನಾನು ಮೂವತ್ತು ವರ್ಷದಿಂದ ಹೇಳ್ತಾನೇ ಬಂದಿದೀನಿ. ಯಾರು ಕೇಳ್ತಾರೆ?"

"ನೀವು... ಹೇಳ್ತಾ ಬಂದಿದೀರಾ?"

"ಇವನು ತಿದ್ದಿದ ಪ್ರತೀನ ಕಣ್ಣಾರೆ ನೋಡಿದೀನಿ. ಸಣ್ಣ ಅಕ್ಷರ, ಕೆಂಪು ಶಾಯಿ. ಅಂದ ಹಾಗೆ ಇದ್ಯಾರು ಸತ್ತ ವರ್ಷ ಖಚಿತವಿಲ್ಲ ಅಂತ ಬರೆದ ಪೆದ್ದ?"

ಪೆದ್ದ ಅವರ ಎದುರಿಗೇ ನಿಂತಿದ್ದ. ಮೇಷ್ಟ್ರು ಕಣ್ಣು ಮುಚ್ಚಿ, ವರ್ಷ, ತಿಂಗಳು, ತಾರೀಖು, ಕೊನೆಗೆ ವಾರವನ್ನೂ ಹೇಳಿದರು. ಪಕ್ಕದಲ್ಲಿ ಬರೆದದ್ದು 'ಅನುಮಾನ' ಅಲ್ಲ. 'ಅತ್ಯಂತ ಮಹತ್ವದ ನಮೂದು. ವಿಸ್ತರಿಸಬೇಕು' ಎಂದು ಬರೆದರು.

ಮೇಷ್ಟ್ರ ದನಿಗೆ ಗೋಡೆಗಳು ಅಡ್ಡಿಯಲ್ಲ. ಪಕ್ಕದ ಕೋಣೆಯ ಗ್ರಂಥಪಾಲಕರು ಬಾಗಿಲಲ್ಲಿ ಪ್ರತ್ಯಕ್ಷರಾದರು. ಇವರ ಬೀರುವಿನಲ್ಲಿ ಕೆಂಪು ಶಾಯಿಯಲ್ಲಿ ತಿದ್ದಿದ ಹಳೆಯ ಕೈಬರಹದ ಕಟ್ಟೊಂದು ಹದಿನೆಂಟು ವರ್ಷದಿಂದ 'ತಿದ್ದಿದವರು ತಿಳಿಯದು' ಎಂಬ ಚೀಟಿ ಹೊತ್ತು ಬಿದ್ದಿತ್ತು. ಅದನ್ನು ನೋಡಿದಾಗಲೆಲ್ಲ ಅವರಿಗೆ ನಿದ್ದೆ ಕೆಡುತ್ತಿತ್ತು.

"ಕೆಂಪು ಶಾಯಿ ಅಂದ್ರಾ?" ಎಂದರು.

"ಸಾರ್, ಕೆಂಪು ಶಾಯಿ ಎಲ್ರೂ ಬಳಸ್ತಾರೆ. ನಾನೂ ಬಳಸ್ತೀನಿ," ಎಂದರು ಅಡಿಟಿಪ್ಪಣಿಯವರು.

"ನಿಮ್ಮ ವಿಷಯ ಬಿಡ್ರೀ," ಎಂದು ಇಬ್ಬರೂ ಒಟ್ಟಿಗೆ ಹೇಳಿದರು.

ಕಟ್ಟು ಬಂತು, ಧೂಳು ಹಾರಿತು, ಮೂವರೂ ಸೀನಿದರು. ಮೇಷ್ಟ್ರು ಮೊದಲ ಹಾಳೆ ನೋಡಿ, ಅವನದೇ ಕೈ ಎಂದು ತೀರ್ಪು ಕೊಟ್ಟರು. ಗ್ರಂಥಪಾಲಕರು ಹಳೆಯ ಚೀಟಿ ಕಿತ್ತು ಹೊಸದರ ಮೇಲೆ ಎಂಟನೆಯವನ ಹೆಸರು ಬರೆದರು. ಅಂದರೆ ಅಡಿಟಿಪ್ಪಣಿಯವರದೇ ಹೆಸರು. ಶಾಯಿ ಆರಲೆಂದು ಊದಿದರು. ಅವರ ಕಣ್ಣಲ್ಲಿ ನೀರಿತ್ತು. ಧೂಳಿಗೋ ಸಂತೋಷಕ್ಕೋ ಹೇಳುವುದು ಕಷ್ಟ.

ಮಧ್ಯಾಹ್ನ ಅಡಿಟಿಪ್ಪಣಿಯವರು ಊಟದ ಡಬ್ಬಿ ಬಿಚ್ಚಿದರು. ಆ ಹೊತ್ತಿಗೆ ಹೆಂಡತಿಯ ಫೋನು ಬಂತು.

"ರೀ, ಹೆಸರು ದಪ್ಪ ಅಕ್ಷರದಲ್ಲಿ ಬರುತ್ತಾ, ಸಣ್ಣ ಅಕ್ಷರದಲ್ಲಿ ಬರುತ್ತಾ? ಮೇಲಿನ ಮನೆಯವರು ಕೇಳ್ತಿದಾರೆ."

"ಬರುತ್ತೆ ಕಣೇ," ಎಂದರು ಅವರು. ಯಾವ ಪುಟದಲ್ಲಿ ಎಂದು ಹೇಳಲಿಲ್ಲ.

ಮೂರು ಗಂಟೆಗೆ ಪ್ರಧಾನ ಸಂಪಾದಕರಿಂದ ಕರೆ ಬಂತು. ಮೇಷ್ಟ್ರು, ಗ್ರಂಥಪಾಲಕರು ಆಗಲೇ ಕುರ್ಚಿಗಳಲ್ಲಿ ಕೂತಿದ್ದರು. ಸಂಪಾದಕರ ಮುಂದೆ ಎರಡು ಹಾಳೆ: ಒಂದು ನಾನೂರ ಹನ್ನೆರಡನೆಯದು, ಇನ್ನೊಂದು ಕೃತಜ್ಞತೆಯ ಪುಟ. ಕೈಯಲ್ಲಿ ಕೆಂಪು ಪೆನ್ಸಿಲು.

ಸಂಪಾದಕರು ಎಂಟನೆಯವನನ್ನು ಗಟ್ಟಿಯಾಗಿ ಓದತೊಡಗಿದರು. ಕಿಟಕಿಗೆ ಬೆನ್ನು ಹಾಕಿದ ಸಾಲು ಬಂತು. ಮೇಲಧಿಕಾರಿಯ ಉದ್ದನೆಯ ವಾಕ್ಯಗಳ ಸಾಲು ಬಂತು. ಅಲ್ಲಿ ನಿಲ್ಲಿಸಿ, ಕನ್ನಡಕದ ಮೇಲಿನಿಂದ ನೋಡಿದರು. ಇಷ್ಟು ಹೊತ್ತು ತಡೆದಿದ್ದ ಅಡಿಟಿಪ್ಪಣಿಯವರು ಇನ್ನು ತಡೆಯಲಾರದೆ ಹೋದರು.

"ತಪ್ಪಾಯ್ತು ಸಾರ್. ಅದು ನಾನೇ."

ಸಂಪಾದಕರು ನಿಧಾನವಾಗಿ ತಲೆಯಾಡಿಸಿದರು.

"ಹೌದು," ಎಂದರು. "ನನಗೂ ಓದುವಾಗ ಅದು ನಾನೇ ಅನ್ನಿಸ್ತು. ದೊಡ್ಡವರ ಬದುಕಿನ ಗುಣವೇ ಅದು ನೋಡಿ. ಪಾಪ, ಎಂಥ ದಡ್ಡ ಮೇಲಧಿಕಾರಿ ಸಿಕ್ಕಿದ್ದನೋ ಅವನಿಗೆ!"

"ದಡ್ಡ ಅನ್ನೋದಕ್ಕೆ ದಾಖಲೆ ಇದೆ," ಎಂದರು ಮೇಷ್ಟ್ರು.

ತಾವು ಬಚಾವಾಗಿದ್ದೇವೆ ಎಂಬುದು ಅಡಿಟಿಪ್ಪಣಿಯವರಿಗೆ ನಿಧಾನವಾಗಿ ಹೊಳೆಯಿತು. ಗೋಡೆಯ ಗಡಿಯಾರ ಮೂರೂವರೆ ತೋರಿಸುತ್ತಿತ್ತು. ಇನ್ನು ಅರ್ಧ ಗಂಟೆ ಬಾಯಿ ಬಿಗಿಹಿಡಿದರೆ ಹೆಸರು ಅಚ್ಚಾಗಿಬಿಡುತ್ತದೆ.

"ಇಡೀ ಸಂಪುಟದಲ್ಲಿ ಇದಕ್ಕಿಂತ ಒಳ್ಳೆ ನಮೂದಿಲ್ಲ," ಎಂದರು ಸಂಪಾದಕರು. "ಮೇಷ್ಟ್ರು ಹೇಳಿದ ಸಾವಿನ ತಾರೀಖನ್ನ ಒಂದು ತಿದ್ದೋಲೆ ಮಾಡಿ ಅಂಟಿಸೋಣ. ಕರಡು ನೀವೇ ನೋಡಿಬಿಡಿ."

ಸ್ವಂತ ಸಾವಿನ ತಾರೀಖಿನ ಕರಡು ತಿದ್ದುವ ಭಾಗ್ಯ ಎಲ್ಲರಿಗೂ ಸಿಗುವುದಲ್ಲ. ಆಗಲಿ ಸಾರ್ ಎಂದು ಅಡಿಟಿಪ್ಪಣಿಯವರು ಬಾಗಿಲ ಕಡೆ ತಿರುಗಿದರು.

"ನಿಲ್ಲಿ, ನಿಲ್ಲಿ. ಒಂದು ಸಣ್ಣ ತೊಡಕಿದೆ." ಸಂಪಾದಕರು ಕೃತಜ್ಞತೆಯ ಪುಟವನ್ನು ಮುಂದಕ್ಕೆ ಎಳೆದುಕೊಂಡರು. "ಇಲ್ಲಿ ನಿಮ್ಮ ಹೆಸರಿದೆ. ಅಲ್ಲೂ ಅದೇ ಹೆಸರು. ರಾಜ, ಜಟ್ಟಿ ಆಗಿದ್ರೆ ಚಿಂತೆ ಇರ್ಲಿಲ್ಲ. ಇವನ ಕಸುಬೂ ನಿಮ್ಮದೇ. ಓದೋರು ನಿಮ್ಮನ್ನ ಅವನು ಅಂದ್ಕೊಂಡ್ರೆ ಏನ್ರೀ ಗತಿ?"

ಕೆಂಪು ಪೆನ್ಸಿಲು ಕಟ್ಟಡ ಒದಗಿಸಿದವರ ಕೆಳಗೆ, ಚಹಾ ಒದಗಿಸಿದವರ ಮೇಲೆ, ಸಲೀಸಾಗಿ ಒಂದು ಗೆರೆ ಎಳೆಯಿತು.

"ಸಾರ್!" ಎಂದು ಅಡಿಟಿಪ್ಪಣಿಯವರು ಕೂಗಿದರು. ಇಪ್ಪತ್ತಾರು ವರ್ಷದಲ್ಲಿ ಅವರ ದನಿ ಅಷ್ಟು ಎತ್ತರಕ್ಕೆ ಹೋದದ್ದು ಅದೇ ಮೊದಲು. "ಹಾಗಾದ್ರೆ ಅವನನ್ನ ತೆಗೀರಿ! ಅಂಥವನು ಇರಲೇ ಇಲ್ಲ ಸಾರ್! ಸುಳ್ಳು! ನಾನೇ ಬರೆದದ್ದು!"

ಗ್ರಂಥಪಾಲಕರು ಕಟ್ಟನ್ನು ಎದೆಗೆ ಅವುಚಿಕೊಂಡರು. ಮೇಷ್ಟ್ರು ಲೊಚಗುಟ್ಟಿದರು.

"ಇರಲಿಲ್ವಾ? ಮತ್ತೆ ನಾನು ಮೂವತ್ತು ವರ್ಷದಿಂದ ಹೇಳ್ತಿರೋದು ಯಾರ ವಿಷ್ಯಾನ?"

ಸಂಪಾದಕರು ಎದ್ದು ಬಂದು ಅಡಿಟಿಪ್ಪಣಿಯವರ ಹೆಗಲ ಮೇಲೆ ಕೈಯಿಟ್ಟರು. ಅವರ ಮುಖದಲ್ಲಿ ನಿಜವಾದ ಮರುಕವಿತ್ತು.

"ನಂಗೆ ಅರ್ಥ ಆಗುತ್ತೆ. ನೀವೂ ಅದೇ ಕೆಲಸ ಮಾಡಿದವರು. ಅವನಿಗೆ ಸಿಕ್ಕಿದ್ದು ನಿಮಗೆ ಸಿಗಲಿಲ್ಲ. ಆದ್ರೂ ಸತ್ತವರ ಮೇಲೆ ಹೊಟ್ಟೆಕಿಚ್ಚು ಬೇಡ ಕಣ್ರೀ, ಚೆನ್ನಾಗಿರಲ್ಲ."

ನಾಲ್ಕಕ್ಕೆ ಸರಿಯಾಗಿ ಕೆಳಗೆ ಯಂತ್ರ ಓಡಿತು. ಅಡಿಟಿಪ್ಪಣಿಯವರು ತಮ್ಮ ಮೇಜಿಗೆ ಹೋಗಿ ತಿದ್ದೋಲೆಯ ಕರಡು ನೋಡಿದರು. ಮೇಷ್ಟ್ರು ಹೇಳಿದ ವಾರ ಆ ತಾರೀಖಿಗೆ ಬರುತ್ತಿರಲಿಲ್ಲ. ಅಭ್ಯಾಸಬಲದಿಂದ ಅದನ್ನೂ ಸರಿಮಾಡಿ ಸಹಿ ಹಾಕಿದರು. ದುಃಖವಾಗಿತ್ತು, ಅದರಲ್ಲಿ ಸುಳ್ಳಿಲ್ಲ. ಆದರೂ ಸಹಿ ಎಂದಿನಂತೆ ಚೆಂದವಾಗಿಯೇ ಬಂತು.

ಸಂಜೆ ಮನೆಗೆ ಹೋದಾಗ ಹೆಂಡತಿಯೂ ಮೇಲಿನ ಮನೆಯಾಕೆಯೂ ಬಾಗಿಲಲ್ಲೇ ಕಾಯುತ್ತಿದ್ದರು. ಅವರು ಚೀಲದಿಂದ ಹಾಳೆಗಳನ್ನು ತೆಗೆದುಕೊಟ್ಟರು. ಹೆಂಡತಿ ಕೃತಜ್ಞತೆಯ ಪುಟವನ್ನು ಮೇಲಿನಿಂದ ಕೆಳಗೆ, ಕೆಳಗಿನಿಂದ ಮೇಲೆ ಹುಡುಕಿದಳು. ಚಹಾದವರು ಸಿಕ್ಕರು, ಗಂಡ ಸಿಗಲಿಲ್ಲ. ಮೇಲಿನ ಮನೆಯಾಕೆ ಏನೋ ಒಲೆಯ ಮೇಲಿದೆ ಎಂದು ಹೊರಟುಹೋದಳು.

ಅಡಿಟಿಪ್ಪಣಿಯವರು ನಾನೂರ ಹನ್ನೆರಡನೆಯ ಪುಟ ತೆರೆದು, ದರೋಡೆಕೋರನ ಕೆಳಗೆ ಬೆರಳಿಟ್ಟರು. ಹೆಂಡತಿ ಓದಿದಳು. ಓದುತ್ತ ಓದುತ್ತ ಸೆರಗು ಕಣ್ಣಿಗೆ ಹೋಯಿತು. ಇಡೀ ಲೋಕದಲ್ಲಿ ಒಬ್ಬಳಾದರೂ ಗುರುತು ಹಿಡಿದಳಲ್ಲ ಎಂದುಕೊಂಡರು.

"ನೋಡಿ," ಎಂದಳು ಹೆಂಡತಿ, ಮೂಗೆಳೆಯುತ್ತ. "ಹೆಸರೂ ನಿಮ್ಮದೇ, ಕೆಲಸಾನೂ ನಿಮ್ಮದೇ. ಚಪ್ಪಲಿ ಸವೆಸೋದರಲ್ಲೂ ನಿಮ್ಮ ಹಾಗೇ. ಆದ್ರೂ ಆ ಮಹಾನುಭಾವರು ಎಷ್ಟು ಹೆಸರು ಮಾಡಿದರು! ನೀವೂ ಇದ್ದೀರಿ."

ಅಡಿಟಿಪ್ಪಣಿಯವರು ಏನೋ ಹೇಳಲು ಬಾಯಿ ತೆರೆದರು. ಹೆಂಡತಿಗೆ ಎದುರಾಡಿದ್ದಕ್ಕೆ ದಾಖಲೆ ಇಲ್ಲವೆಂದು ಆಗಲೇ ಅಚ್ಚಾಗಿ ಹೋಗಿತ್ತು. ಅಚ್ಚಾದದ್ದನ್ನು ಸುಳ್ಳು ಮಾಡಲು ಮನಸ್ಸಾಗದೆ, ಎಡಗಾಲಿನ ಚಪ್ಪಲಿ ಬಿಟ್ಟು ಒಳಗೆ ಹೋದರು.