ಕಡತಕೋಣೆಯ ಬೆಕ್ಕನ್ನು ಮರಳಿ ಕರ್ತವ್ಯಕ್ಕೆ ಸೇರಿಸಿಕೊಳ್ಳುವ ಬಗ್ಗೆ

ಸಂಖ್ಯೆ: ಕಚೇರಿ/ಜೀವಿ/ಬೆಕ್ಕು-1/ಇಲಿ-412 (ಎಣಿಕೆ ಮುಂದುವರಿದಿದೆ)

ವಿಷಯ: ಕಟ್ಟಡದ ಜೀವಿಗಳ ಪರಸ್ಪರ ಸಂಬಂಧಗಳನ್ನು ಶಿಸ್ತಿಗೆ ಒಳಪಡಿಸುವ ಹಾಗೂ ಬೆಕ್ಕನ್ನು ವಾಪಸು ಕರೆಸಿಕೊಳ್ಳುವ ಬಗ್ಗೆ.

ಉಲ್ಲೇಖ: 1) ಬೆಕ್ಕನ್ನು ಹೊರಹಾಕಿದ ಹಿಂದಿನ ಸುತ್ತೋಲೆ (ಇಲಿಗಳು ತಿಂದಿವೆ).
2) ಎಲ್ಲರೂ 'ಕಡತದಕ್ಕ' ಎಂದು ಕರೆಯುವ ಕಡತಕೋಣೆಯ ಗುಮಾಸ್ತೆಯ ಮನವಿ (ಅರ್ಧ ತಿಂದಿವೆ).

ಮೂರು ತಿಂಗಳ ಹಿಂದೆ ಸದರಿ ಬೆಕ್ಕು ನಿರ್ದೇಶಕರ ಕುರ್ಚಿಯಲ್ಲಿ ಮಲಗಿದ್ದು, ನಿರ್ದೇಶಕರು ಬಂದರೂ ಏಳದ ಕಾರಣ ಅದನ್ನು ಹೊರಹಾಕಲಾಗಿತ್ತು. ಅದಕ್ಕೆ ಹಾಲು ಹಾಕಿ ಸಾಕಿದ ಕಡತದಕ್ಕನನ್ನು ಕೆಲಸದಿಂದ ಏಕೆ ತೆಗೆಯಬಾರದೆಂದು ಕೇಳಿ ನೋಟಿಸು ಕೊಡಲಾಗಿತ್ತು. ಅವರ ಮನವಿಯ ಉಳಿದರ್ಧ ಹೀಗಿದೆ: "ಸಾರ್, ಬೆಕ್ಕನ್ನ ಓಡಿಸಿದ್ರೆ ಇಲಿ ಜಾಸ್ತಿಯಾಗ್ತವೆ. ಇಲಿ ಜಾಸ್ತಿಯಾದ್ರೆ ಕಾಗದ ಉಳಿಯಲ್ಲ. ಕಾಗದ ಉಳೀದಿದ್ರೆ ನಾವ್ಯಾರೂ ಉಳಿಯಲ್ಲ. ಇದನ್ನ ಹೇಳೋಕೂ ಒಂದು ಸಮಿತಿ ಬೇಕಾ?"

ಬೇಕಾಗಿತ್ತು. ಸಮಿತಿಯು ನಲವತ್ತು ದಿನ ಗುಡ್ಡ ಅಗೆದು ಒಂದು ಇಲಿ ಹಿಡಿದಿದ್ದು, ಸ್ವೀಕೃತಿ ಚೀಟಿ ಬರೆಯುವಷ್ಟರಲ್ಲಿ ಅದೂ ತಪ್ಪಿಸಿಕೊಂಡಿದೆ. ಆದ್ದರಿಂದ ಈ ಕೆಳಕಂಡಂತೆ ಆದೇಶಿಸಲಾಗಿದೆ:

1. ಕಟ್ಟಡವನ್ನು ಜೀವವಲಯಗಳಾಗಿ ವಿಂಗಡಿಸಲಾಗಿದೆ. ತಾರಸಿಯು ಮರುಭೂಮಿ. ಕೊಳಾಯಿ ಸೋರುವ ಕಡತಕೋಣೆಯು ಮಳೆಕಾಡು. ನಿರ್ದೇಶಕರ ಎ.ಸಿ. ಕೊಠಡಿಯು ಟಂಡ್ರಾ, ಶಾಲು ಹೊದೆಯದೆ ಪ್ರವೇಶಿಸತಕ್ಕದ್ದಲ್ಲ. ಹಜಾರವು ಹುಲ್ಲುಗಾವಲು, ಅಲ್ಲಿ ಅರ್ಜಿದಾರರು ಒಂದನೇ ಕಿಟಕಿಯಿಂದ ಒಂಬತ್ತನೇ ಕಿಟಕಿಗೆ ಹಿಂಡುಹಿಂಡಾಗಿ ವಲಸೆ ಹೋಗುವುದು ಪ್ರಕೃತಿ ನಿಯಮವಾದ್ದರಿಂದ ಸಿಬ್ಬಂದಿ ಮಧ್ಯೆ ಪ್ರವೇಶಿಸಿ ಸಹಾಯ ಮಾಡತಕ್ಕದ್ದಲ್ಲ.

2. ಹಲ್ಲಿಗಳು ಟ್ಯೂಬ್‌ಲೈಟಿನ ಹುಳುಗಳನ್ನು ಕಚೇರಿ ವೇಳೆಯಲ್ಲಿ ಮಾತ್ರ ತಿನ್ನತಕ್ಕದ್ದು. ಸಭೆಯಲ್ಲಿ ಹಲ್ಲಿ ಲೊಚಗುಟ್ಟಿದರೆ ಅದನ್ನು ನಿರ್ದೇಶಕರ ಪರ ಮತವೆಂದು ದಾಖಲಿಸುವುದು.

3. ಟೀಯವನೂ ಬೆರಳಚ್ಚುಗಾರ್ತಿಯೂ ಸಹಜೀವನ ನಡೆಸುತ್ತಿರುವುದು (ಆಕೆಗೆ ಬಿಸಿ ಟೀ, ಆತನಿಗೆ ಬಿಸಿ ಸುದ್ದಿ) ಗಮನಕ್ಕೆ ಬಂದಿದೆ. ಮುಂದುವರಿಸಬಹುದು. ಆದರೆ ಕಂಡವರ ಬುತ್ತಿಗೆ ಕೈಹಾಕುವ ಉಪನಿರ್ದೇಶಕರು ಪರಾವಲಂಬನೆಗೆ ಪ್ರತಿದಿನ ಲಿಖಿತ ಅನುಮತಿ ಪಡೆಯತಕ್ಕದ್ದು.

4. 'ಬೆಕ್ಕಿಗೆ ಆಟ, ಇಲಿಗೆ ಪ್ರಾಣಸಂಕಟ' ಎಂಬ ಗಾದೆಯನ್ನು ಸ್ಥಳ ಪರಿಶೀಲನೆ ಮಾಡಲಾಗಿ, ಸದ್ಯ ಇಲಿಗೆ ಆಟ, ಇಲಾಖೆಗೆ ಪ್ರಾಣಸಂಕಟ ಎಂದು ಕಂಡುಬಂದಿದೆ. ಬೆಕ್ಕು ತಕ್ಷಣ ಹಾಜರಾಗತಕ್ಕದ್ದು. ಗಂಟೆ ಕಟ್ಟುವ ಪ್ರಸ್ತಾವಕ್ಕೆ ಯಾರೂ ಮುಂದೆ ಬಾರದ್ದರಿಂದ ಕೈಬಿಡಲಾಗಿದೆ.

5. ಕಡತದಕ್ಕನಿಗೆ ಕೊಟ್ಟ ನೋಟಿಸಿನ ಕಚೇರಿ ಪ್ರತಿಯನ್ನು ಇಲಿಗಳು ಬೀರುವಿಗೆ ನುಗ್ಗಿ ಪೂರ್ತಿ ತಿಂದಿದ್ದು, ಇಲ್ಲದ ನೋಟಿಸಿನ ಮೇಲೆ ಕ್ರಮ ಜರುಗಿಸಲು ಅವಕಾಶವಿಲ್ಲ. ಅದೇ ಬೀರುವಿನಲ್ಲಿ ನಿರ್ದೇಶಕರ ನೇಮಕಾತಿ ಆದೇಶವೂ ಇತ್ತೆಂದು ವಿಷಾದದಿಂದ ತಿಳಿಸಲಾಗಿದೆ. ಅವರು ನಿರ್ದೇಶಕರೇ ಹೌದೆಂದು ಹೇಳಬಲ್ಲವರು, ಹದಿನೆಂಟು ವರ್ಷದ ಕಡತಗಳು ಬಾಯಿಪಾಠವಿರುವ ಕಡತದಕ್ಕ ಒಬ್ಬರೇ. ವಿಚಾರಿಸಲಾಗಿ ಅವರು, "ಬೆಕ್ಕು ಬರ್ಲಿ ಸಾರ್, ಆಮೇಲೆ ನೆನಪಾಗುತ್ತೆ" ಎಂದಿರುತ್ತಾರೆ.

6. ಬೆಕ್ಕು ಕುರ್ಚಿಯಲ್ಲಿ ಮಲಗಿದ್ದಲ್ಲಿ, ಅದು ತಾನಾಗಿ ಏಳುವವರೆಗೆ ಕುರ್ಚಿಯು ಬೆಕ್ಕಿನದೇ.

ಸಹಿ/- (ನಿಂತುಕೊಂಡು ಮಾಡಿದ್ದು)
ನಿರ್ದೇಶಕರು
(ಕಡತದಕ್ಕನ ದೃಢೀಕರಣಕ್ಕೆ ಒಳಪಟ್ಟು)

ಪ್ರತಿಗಳು:
ಕಡತದಕ್ಕ, ಮಳೆಕಾಡು: ಕ್ಷಮೆ ಕೋರಿ.
ಉಪನಿರ್ದೇಶಕರು: ಬುತ್ತಿ ಹಿಂದಿರುಗಿಸಿದ ನಂತರ.
ಇಲಿಗಳು: ಎರಡು ಪ್ರತಿ, ಒಂದು ಓದಲು, ಒಂದು ತಿನ್ನಲು.
ಬೆಕ್ಕು: ಖುದ್ದಾಗಿ, ಹಾಲಿನೊಂದಿಗೆ.
ಕಚೇರಿ ಪ್ರತಿ: ಕಡತದಕ್ಕನ ತಲೆಯಲ್ಲಿ ಇರಿಸುವುದು.