ಕ್ರಷರಿನ ಬೇಲಿಯೊಳಗೆ ಊಟ

ಕಂಡಕ್ಟರ್ ಆಗಿದ್ದಷ್ಟು ಕಾಲ ಟಿಕೆಟ್ ಇಲ್ಲದೆ ಬಸ್ಸು ಹತ್ತಿದವರನ್ನು ಹಿಡಿದು ಇಳಿಸಿದವನು ನಾನು. ನಿವೃತ್ತಿಯಾದ ಮೇಲೆ ಜನ ನನ್ನನ್ನೇ ಹಿಡಿದು ಹೊರಗೆ ಹಾಕತೊಡಗಿದರು. ಇಂಥದ್ದೆಲ್ಲ ನನಗೇ ಯಾಕೆ ಗಂಟುಬೀಳುತ್ತದೋ, ಒಂದು ಮುಗಿಯಿತು ಅನ್ನುವಷ್ಟರಲ್ಲಿ ಇನ್ನೊಂದು ಬಂದು ನಿಂತಿರುತ್ತದೆ.

ಡಂಬಳದ ದಾರಿಯಲ್ಲಿ ನಮ್ಮದೊಂದು ತುಂಡು ಹೊಲವಿದೆ. ಪಕ್ಕದ ಹೊಲದಲ್ಲಿ ಒಬ್ಬ ಸಾಹುಕಾರ ಜಲ್ಲಿ ಒಡೆಯುವ ಕ್ರಷರ್ ಹಾಕಿದ. ಅವತ್ತಿನಿಂದ ನಮ್ಮ ಕಡಲೆ ಮೈತುಂಬ ಬೂದಿ ಬಳಿದುಕೊಂಡು ನಿಂತಿತು. ಹೂವು ಉದುರಿತು, ಕಾಯಿ ಕಟ್ಟಲಿಲ್ಲ. ಹೆಂಡತಿಗೆ ಕೆಮ್ಮು, ನನಗೆ ಸಿಟ್ಟು. ದೂರು ಕೊಟ್ಟರೆ ಮಾಲಿನ್ಯ ನಿಯಂತ್ರಣ ಕಚೇರಿಯ ಸಾಹೇಬರು, “ಪುರಾವೆ ತರ್ರಿ” ಅಂದರು.

೧. ಬೋರ್ಡು

ಪುರಾವೆ ಅಂದರೆ ಫೋಟೋ ತಾನೇ ಎಂದು ಮೊಬೈಲ್ ಹಿಡಿದು ಬೇಲಿ ದಾಟಿದೆ. ಕ್ರಷರಿನ ಕಾವಲುಗಾರ ಓಡಿ ಬಂದ.

“ಕಾಕಾ, ಬೋರ್ಡ್ ಹಾಕೇವಿ, ಓದಾಕ ಬರೂದಿಲ್ಲೇನ್ರಿ?”

“ಯಾವ ಬೋರ್ಡೋ?”

ಕೈಮಾಡಿ ತೋರಿಸಿದ. ತಗಡಿನ ಬೋರ್ಡು ಇದ್ದದ್ದು ಖರೆ, ಆದರೆ ಧೂಳು ಕೂತು ಒಂದಕ್ಷರವೂ ಕಾಣುತ್ತಿರಲಿಲ್ಲ. ಅವನಿಗೇ ನಾಚಿಕೆಯಾಗಿ ಹೆಗಲ ಮೇಲಿನ ಟವೆಲಿನಿಂದ ತಿಕ್ಕಿ ಒರೆಸಿದ. ‘ಅತಿಕ್ರಮ ಪ್ರವೇಶ ಮಾಡಿದವರ ಮೇಲೆ ಕಾನೂನು ಕ್ರಮ’ ಎಂಬುದು ಹೊರಬಿತ್ತು.

“ದಿನಾ ಒರಸ್ತೀನ್ರಿ. ಸಂಜಿಗೆ ಮತ್ತ ಹಂಗ ಆಗತೈತಿ” ಅಂದ.

ಮನೆಗೆ ಬಂದು ಹೆಂಡತಿಗೆ ಹೇಳಿ ಬಿದ್ದು ಬಿದ್ದು ನಕ್ಕೆ. ಅವಳು ನಗಲಿಲ್ಲ.

“ಅವ ಒರಸೂಕಿಂತ ಮೊದಲ ಬೋರ್ಡಿನ ಫೋಟೋ ತಗದ್ರೇನು?” ಅಂದಳು.

೨. ಧೋತರ

ಗದುಗಿನ ವಕೀಲರನ್ನು ಕೇಳಿದೆ.

“ಹೇಳದ ಕೇಳದ ಒಳಗ ಹೋದ್ರ ನಿಮ್ಮ ಮ್ಯಾಲನ ಕೇಸ್ ಆಗತೈತ್ರಿ. ನಿಮ್ಮ ಹೊಲದಾಗ ನಿಂತು ಏನು ಸಿಗತೈತಿ ಅದನ್ನ ಹಿಡೀರಿ. ಅವರಾಗೇ ಕರದ್ರ ಮಾತ್ರ ಒಳಗ ಹೋಗ್ರಿ” ಎಂದು ಹೇಳಿ ತಾವೇ ನಕ್ಕರು.

ಹೆಂಡತಿ ನನ್ನ ಬಿಳಿ ಧೋತರವನ್ನು ನಮ್ಮ ಬೇವಿನ ಗಿಡಕ್ಕೆ ಹಗ್ಗ ಕಟ್ಟಿ ಹರವಿದಳು. ಸಂಜೆಗೆ ಅದು ಸಿಮೆಂಟಿನ ಬಣ್ಣಕ್ಕೆ ತಿರುಗಿತ್ತು. ಎಂಥ ಪುರಾವೆ! ಖುಷಿಯಿಂದ ತೆಗೆಯಲು ಹೋದರೆ ಗಾಳಿ ಬೀಸಿ ಧೋತರ ಬೇಲಿಯಾಚೆ ಬಿತ್ತು. ನಾನು ಹೋಗುವಂತಿಲ್ಲ, ಧೋತರ ಹೋಗಿ ಕೂತಿದೆ.

ಕಾವಲುಗಾರನನ್ನು ಕೂಗಿದೆ. “ನೀವು ಮನಿಗೆ ನಡೀರಿ ಕಾಕಾ, ನಾನ ತಂದು ಕೊಡ್ತೀನಿ” ಅಂದ.

ಮರುದಿನ ಮುಂಡರಗಿಯ ನಮ್ಮ ಮನೆಗೇ ಬಂದ. ಕೈಯಲ್ಲಿ ಧೋತರ, ಹಾಲಿನಷ್ಟು ಬಿಳಿ, ಇಸ್ತ್ರಿ ಬೇರೆ.

“ಭಾಳ ಹೊಲಸಾಗಿತ್ರಿ. ನಮ್ಮಾಕಿ ಒಗದು ಕೊಟ್ಲು” ಅಂದ.

ಏನು ಬೈಯಲಿ? ಚಹಾ ಕುಡಿಸಿ ಕಳಿಸಿದೆ.

೩. ಚರಗ

ಎಳ್ಳು ಅಮಾವಾಸ್ಯೆ ಬಂತು. ನಮ್ಮ ಕಡೆ ಅವತ್ತು ಎಲ್ಲರೂ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗಿ, ಅಡುಗೆಯ ಒಂದಿಷ್ಟು ತುತ್ತನ್ನು ಭೂಮಿತಾಯಿಗೆ ಚರಗವೆಂದು ಚೆಲ್ಲಿ ಅಲ್ಲೇ ಉಣ್ಣುತ್ತಾರೆ. ಕಣ್ಣಿಗೆ ಬಿದ್ದವರನ್ನು ಕರೆಯದೆ ಬಿಡುವುದಿಲ್ಲ.

ಸಾಹುಕಾರನ ವಯಸ್ಸಾದ ತಾಯಿಯೂ ಕ್ರಷರಿನ ಪಕ್ಕ ಉಳಿದ ಜೋಳದ ಪಟ್ಟಿಗೆ ಬಂದಿದ್ದಳು. ನಾವು ಚರಗ ಚೆಲ್ಲುವುದನ್ನು ನೋಡಿ ಬೇಲಿಯಾಚೆಯಿಂದ ಕೂಗಿದಳು: “ಬರ್ರೆವಾ, ಹೋಳಗಿ ಮಾಡೀನಿ, ಉಣ್ಣಾಕ ಬರ್ರಿ!”

ನಾನು ಹಿಂದೆಮುಂದೆ ನೋಡಿದೆ. “ಕರದ್ರ ಹೋಗ್ರಿ ಅಂತ ವಕೀಲರ ಹೇಳ್ಯಾರಲ್ಲ, ನಡೀರಿ” ಎಂದು ಹೆಂಡತಿ ಮುಂದೆ ನಡೆದಳು.

ಊಟಕ್ಕೆ ಕೂತೆವು. ಎಷ್ಟು ಸಲ ಕರೆದರೂ ಬಾರದಿದ್ದ ಕಚೇರಿಯ ಸಾಹೇಬರ ಜೀಪು ಅವತ್ತೇ ಬರಬೇಕೇ! ಅಜ್ಜಿ ಅವರನ್ನೂ ಬಿಡದೆ ಎಳೆದು ಕೂರಿಸಿದಳು. ಜೀಪು ಕಂಡ ಸಾಹುಕಾರ ಕ್ರಷರಿನ ಆಫೀಸಿನಿಂದ ಓಡೋಡಿ ಬಂದ.

“ಸಾಹೇಬ್ರ, ನಮ್ಮ ಕ್ರಷರ್‌ದಾಗ ಧೂಳ ಅನ್ನೂದ ಇಲ್ರಿ. ಎಲ್ಲಾ ಇವರು ಕಟ್ಟಿದ ಕಥಿ.”

ಹಿಂದೆ ಮಿಷನ್ ಗರಗರ ಅನ್ನುತ್ತಿತ್ತು. ಸಾಹೇಬರ ಹೋಳಿಗೆಯ ಮೇಲಿನ ತುಪ್ಪ ನೋಡುನೋಡುತ್ತಲೇ ಬೂದುಬಣ್ಣಕ್ಕೆ ತಿರುಗಿತು. ಅವರು ಮೆಲ್ಲಗೆ ಅದನ್ನೆತ್ತಿ ಪ್ಲಾಸ್ಟಿಕ್ ಚೀಲಕ್ಕೆ ಹಾಕಿದರು.

ಅಜ್ಜಿ ಹಿಗ್ಗಿಹೋದಳು. “ಒಂದ ಯಾಕ್ರಿ? ಮನಿಯವರಿಗೂ ಒಯ್ರಿ!” ಎಂದು ಇನ್ನೂ ನಾಲ್ಕು ತುರುಕಿದಳು. “ಮುಂಜಾನಿಂದ ಎಷ್ಟ ಮುಚ್ಚಿಟ್ರೂ ಹಲ್ಲಿಗೆ ಕರಕರ ಹತ್ತಾಕತ್ತಾವು, ಬೇಜಾರ ಆಗಬ್ಯಾಡ್ರಿ. ಈ ಮಿಷನ್ ಬಂದಾಗಿಂದ ಹಿಂಗ.”

ಸಾಹುಕಾರನ ಮುಖ ಕೆಂಪಾಯಿತು. ನನ್ನ ಕಡೆ ಬೆರಳು ಮಾಡಿ, “ಸಾಹೇಬ್ರ, ಇವರು ಬೇಲಿ ದಾಟಿ ಬಂದಾರ. ಇದು ಅತಿಕ್ರಮ ಪ್ರವೇಶ, ಕೇಸ್ ಹಾಕ್ತೀನಿ!” ಎಂದು ಕೂಗಿದ.

ಅಜ್ಜಿ ಸೌಟು ಹಿಡಿದೇ ಎದ್ದಳು.

“ಲೇ, ಹೊಲ ಯಾರ ಹೆಸರಿಲೆ ಐತಿ? ನನ್ನ ಹೆಸರಿಲೆ ಐತಿ. ಇವರನ್ನ ನಾ ಕರದೀನಿ, ಬಂದಾರ. ನಿನ್ನ ಮಿಷನ್ ನನ್ನ ಕೇಳಿ ಬಂತೇನು? ನಿನಗೂ ಮುಂಜಾನಿ ಚರಗಕ್ಕ ಬಾ ಅಂದ್ರ ಪುರಸೊತ್ತಿಲ್ಲ ಅಂದಿ, ಈಗ ಜೀಪ್ ನೋಡಿ ಓಡಿ ಬಂದಿ. ಕರದಾಗ ಬರಲಿಲ್ಲ, ಇಲ್ಲೆ ಕರೀಲಾರದ ಬಂದಾಂವ ನೀ ಒಬ್ಬನ!”

ಸಾಹೇಬರು ನಗು ತಡೆಯಲಾರದೆ ನೀರು ಕುಡಿದರು. ಸಾಹುಕಾರ ಹೋಗಿ ಮಿಷನ್ ಬಂದ್ ಮಾಡಿಸಿ ಬಂದ. ಅಷ್ಟು ದಿನದ ಮೇಲೆ ಮೊದಲ ಸಲ ನಮ್ಮ ಹೊಲದ ಹಕ್ಕಿಗಳ ದನಿ ಕೇಳಿಸಿತು. ಖರೆ ಹೇಳುತ್ತೇನೆ, ನನ್ನ ಕಣ್ಣು ತುಂಬಿ ಬಂತು.

ಅಜ್ಜಿ ಇನ್ನೊಂದು ಎಲೆ ಹಾಸಿದಳು.

“ಹಾಂ, ಈಗ ಕರೀತೀನಿ. ಬಾ, ಉಣ್ಣು.”