ತಟ್ಟೆ ತಿರುಗಿಸದ ಭಾನುವಾರ

ಕಂಡವರ ಮನೆಯ ಊಟದಲ್ಲಿ ಇನ್ನು ಜನ್ಮದಲ್ಲಿ ತಟ್ಟೆ ತಿರುಗಿಸಿ ನೋಡುವುದಿಲ್ಲ ಎಂದು ನಾನು ಘೋರ ಪ್ರತಿಜ್ಞೆ ಮಾಡಿದೆ!

ಇಂಗ್ಲೆಂಡಿನಲ್ಲಿ ಪಿಂಗಾಣಿಗೆ ಹೆಸರಾದ ನಮ್ಮ ಸ್ಟೋಕ್ ಊರಿನವರಿಗೆ ಹೀಗೆ ತಿರುಗಿಸಿ ನೋಡುವುದು ಹುಟ್ಟುಗುಣ. ಪಿಂಗಾಣಿ ಕಂಡರೆ ಸಾಕು, ಕೈ ತನ್ನಷ್ಟಕ್ಕೆ ತಾನೇ ಅದನ್ನು ಬೋರಲು ಹಾಕುತ್ತದೆ. ತಳದಲ್ಲಿ ಯಾವ ಕಾರ್ಖಾನೆಯ ಮುದ್ರೆ ಇದೆ ಎಂದು ತಿಳಿಯುವ ತನಕ ತುತ್ತು ಗಂಟಲಲ್ಲಿ ಇಳಿಯುವುದಿಲ್ಲ. ಹೋಟೆಲು, ಆಸ್ಪತ್ರೆ, ಸತ್ತವರ ಮನೆಯ ಚಹಾ, ಎಲ್ಲಿಯೂ ನಾನು ಬಿಟ್ಟವನಲ್ಲ.

ಆದರೆ ಈ ಸಲದ ಮಾತೇ ಬೇರೆ. ಮಗಳು ಲಿನೆಟ್ ಮದುವೆಯಾಗಲಿರುವ ಹುಡುಗನ ತಾಯಿ, ಸಿರಿವಂತರ ಊರಾದ ಚೆಲ್ಟನಮ್ಮಿನ ರೋಸಲಿಂಡ್, ನಮ್ಮನ್ನು ಮೊದಲ ಸಲ ಭಾನುವಾರದ ಊಟಕ್ಕೆ ಕರೆದಿದ್ದರು. "ಅಪ್ಪಾ, ಇದೊಂದು ದಿನ ನನ್ನ ಮಾನ ಉಳಿಸು," ಎಂದು ಮಗಳು ಫೋನಿನಲ್ಲಿ ಅಂಗಲಾಚಿದಳು.

"ಮೂವತ್ತೆಂಟು ವರ್ಷ ಭಟ್ಟಿ ಬೆಂಕಿ ಮುಂದೆ ನಿಂತೋನು ನಾನು. ಒಂದು ತಟ್ಟೆ ಮುಂದೆ ಸೋಲ್ತೀನಾ?" ಎಂದೆ ಹೆಂಡತಿಗೆ.

ಗ್ಲೆಂಡಾ ಕೂಡ ನಾನಿದ್ದ ಪಿಂಗಾಣಿ ಕಾರ್ಖಾನೆಯಲ್ಲೇ ದುಡಿದವಳು. "ಬೆಂಕಿ ಮುಂದೆ ನಿಂತಿದ್ದು ಚಳಿ ಕಾಯ್ಸೋಕೆ ಅಂತ ಊರಿಗೇ ಗೊತ್ತು. ಕೈ ಕಟ್ಕೊಂಡು ಕೂತ್ಕೊಳ್ಳಿ, ಸಾಕು," ಎಂದಳು.

ಮೇಜಿನ ಮೇಲೆ ಬಿಳಿ ತಟ್ಟೆಗಳು, ನೀಲಿ ಹೂವು, ಅಂಚಿಗೆ ಚಿನ್ನದ ಗೆರೆ. "ನಮ್ಮತ್ತೆ ನನ್ನ ಮದುವೆಗೆ ಕೊಟ್ಟಿದ್ದು. ಲಂಡನ್ನಿನ ದೊಡ್ಡ ಅಂಗಡೀಲಿ ತಂದಿದ್ದಂತೆ," ಎಂದರು ರೋಸಲಿಂಡ್. ಹುರಿದ ಮಾಂಸ, ಆಲೂಗಡ್ಡೆ, ಬಟಾಣಿ, ಮೇಲೆ ಕೆರೆಯಷ್ಟು ಗ್ರೇವಿ. ನನಗೆ ಯಾವುದರ ರುಚಿಯೂ ಹತ್ತಲಿಲ್ಲ. ಮನಸ್ಸೆಲ್ಲ ತಳದಲ್ಲಿತ್ತು.

ಮೊದಲು ಕರವಸ್ತ್ರ ಬೀಳಿಸಿ ಮೇಜಿನಡಿಗೆ ಬಗ್ಗಿದೆ. ಮೇಜು ಮರದ್ದು, ಗಾಜಿನದಲ್ಲ ಎಂಬ ಜ್ಞಾನೋದಯ ನನಗೆ ಅಲ್ಲಾಯಿತು. ಏಳುವಾಗ ತಲೆ ತಾಗಿ ಉಪ್ಪಿನ ಬಟ್ಟಲು ಉರುಳಿತು. ಗ್ಲೆಂಡಾ ನನ್ನ ಪಾದ ತುಳಿದಳು.

"ಇನ್ನೊಂದು ಚೂರು ಮಾಂಸ ಹಾಕ್ಲಾ ಬೀಗರೇ?" ಎಂದರು ರೋಸಲಿಂಡ್.

ದೇವರೇ ಒದಗಿಸಿದ ಅವಕಾಶ! ಚಾಚುವ ನೆಪದಲ್ಲಿ ತಟ್ಟೆಯನ್ನು ಹಣೆಯ ಮಟ್ಟಕ್ಕೆ ಎತ್ತಿದೆ. ಇನ್ನೂ ಎತ್ತಿದೆ. ಚೂರೇ ಚೂರು ವಾಲಿಸಿದೆ. ಮುದ್ರೆ ಕಂಡಿತು: ಕಿರೀಟ, ಅದರ ಕೆಳಗೆ ಎರಡು ಹಂಸ. ಇನ್ನೂರು ವರ್ಷ ಹಳೆಯ ನಮ್ಮದೇ ಕಾರ್ಖಾನೆ! ಅಷ್ಟರಲ್ಲಿ ಗ್ರೇವಿ ನನ್ನ ಅಂಗಿಯ ತೋಳಿನೊಳಗೆ ಇಳಿದು ಮೊಣಕೈ ಮುಟ್ಟಿತ್ತು. ಬಟಾಣಿಗಳು ಒಂದೊಂದಾಗಿ ಮದುವೆ ಗಂಡಿನ ಮಡಿಲು ಸೇರಿದವು.

ಅಷ್ಟಕ್ಕೇ ಬಾಯಿ ಮುಚ್ಚಿಕೊಂಡಿದ್ದರೆ ಬಚಾವಾಗುತ್ತಿದ್ದೆ. ಆದರೆ ಮುದ್ರೆಯ ಮೇಲೊಂದು ಅಡ್ಡಗೀರು ಕಂಡಿತ್ತು. ದೋಷವಿದ್ದ ಮಾಲಿಗೆ ನಾವು ಹಾಕುತ್ತಿದ್ದ ಗೀರು ಅದು.

"ಅಯ್ಯೋ, ಇದು ಎರಡನೇ ದರ್ಜೆ ಮಾಲು ಕಣ್ರೀ," ಎಂದುಬಿಟ್ಟೆ. "ಲಂಡನ್ನೂ ಇಲ್ಲ, ಏನೂ ಇಲ್ಲ. ಕಾರ್ಖಾನೆ ಹಿಂಬಾಗಿಲಲ್ಲಿ ಮಾರ್ತಿದ್ವಿ. ಈ ಚಿನ್ನದ ಗೆರೆ ನೋಡಿ, ಕುಡುಕ ಮನೆಗೆ ಹೋದ ಹಾಗೆ ಸೊಟ್ಟಗಿದೆ. ಯಾವ ಪುಣ್ಯಾತ್ಮರು ಎಳೆದರೋ!"

ರೋಸಲಿಂಡರ ಕೈಯ ಚಮಚ ಅಲ್ಲೇ ನಿಂತಿತು. "ನಲವತ್ತು ವರ್ಷದಿಂದ ಬರೀ ಹಬ್ಬಕ್ಕೆ ತೆಗೀತಿದ್ದೆ," ಎಂದರು ಸಣ್ಣ ದನಿಯಲ್ಲಿ. ಲಿನೆಟ್ ತಲೆ ತಗ್ಗಿಸಿದಳು. ಮಗಳು ಕೇಳಿದ್ದು ಒಂದೇ ಒಂದು, ಅದನ್ನೂ ನಾನು ಕೊಡಲಿಲ್ಲ.

ಗ್ಲೆಂಡಾ ತಟ್ಟೆ ಕಿತ್ತುಕೊಂಡು, ತಳ ಒರೆಸಿ, ಕನ್ನಡಕ ಏರಿಸಿದಳು. "ಮುದ್ರೆ ಪಕ್ಕ ಮೂರು ಹಸಿರು ಚುಕ್ಕೆ. ಗೆರೆ ಎಳೆದೋರು ಇಡ್ತಿದ್ದ ಗುರುತು. ಇದು ನಂದು. ರೋಸಲಿಂಡ್, ತಪ್ಪು ನಿಮ್ಮತ್ತೇದಲ್ಲ, ನಂದೇ."

"ನೀವು ಎಳೆದಿದ್ದಾ?"

"ಹೂಂ. ಆರು ವರ್ಷದಲ್ಲಿ ನನ್ನ ಕೈ ನಡುಗಿದ್ದು ಒಂದೇ ವಾರ. ಭಟ್ಟಿ ಕಡೆಯವನೊಬ್ಬ ದಿನಾ ಬಂದು ನನ್ನ ಬೆಂಚಿನ ಪಕ್ಕ ನಿಂತು, ಸಿನಿಮಾಗೆ ಬರ್ತೀಯಾ ಅಂತ ಪ್ರಾಣ ತಿಂತಿದ್ದ."

ರೋಸಲಿಂಡ್ ನನ್ನ ಮುಖ ನೋಡಿದರು, ತೊಟ್ಟಿಕ್ಕುತ್ತಿದ್ದ ತೋಳು ನೋಡಿದರು, ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. "ಹಾಗಾದ್ರೆ ಇನ್ನು ದಿನಾ ಇದರಲ್ಲೇ ಊಟ," ಎಂದರು. ಲಿನೆಟ್‌ಗೂ ಹೋದ ಉಸಿರು ಬಂತು.

ನನಗೂ ಧೈರ್ಯ ಬಂತು. "ನೋಡಿದ್ರಾ, ನನ್ನ ಪ್ರೀತಿಗೋಸ್ಕರ ಹಾಳಾದ ತಟ್ಟೆ," ಎಂದು ಬೀಗಿದೆ.

"ಹೌದು," ಎಂದಳು ಗ್ಲೆಂಡಾ, ಕನ್ನಡಕ ತೆಗೆಯುತ್ತ. "ಆ ವಾರ ಹಾಳಾಗಿದ್ದು ತಟ್ಟೆ ಮಾತ್ರ ಅಂತ ನಾನೂ ಅಂದ್ಕೊಂಡಿದ್ದೆ."